ಖಾಲಿ ಕೋಷ್ಟಕದಿಂದ ಆರಂಭಿಸಿ: ಬೇರೆ ಬೇರೆ ವಿಷಯಗಳಲ್ಲಿ ಪರಿಮಾಣಾತ್ಮಕ ಸಂಶೋಧನೆ ಮಾಡುವ ಕ್ರಮ

ಮುನ್ನೂರು ಪ್ರಶ್ನಾವಳಿಗಳನ್ನು ತುಂಬಿಸಿ, ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಏರಿಸಿದ ಮೇಲೆ ‘ಇದಕ್ಕೆ ಯಾವ ಪರೀಕ್ಷೆ ಹಾಕಬೇಕು?’ ಎಂದು ಕೇಳಿಕೊಂಡು ಬರುವ ಸಂಶೋಧನಾ ವಿದ್ಯಾರ್ಥಿಗಳ ಸಂಖ್ಯೆ ಪ್ರತಿ ವರ್ಷವೂ ಕಡಿಮೆಯಾಗುತ್ತಿಲ್ಲ. ಅವರ ಶ್ರಮದಲ್ಲಿ ಕೊರತೆಯಿರುವುದಿಲ್ಲ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ಪ್ರಶ್ನಾವಳಿ, ಆಮೇಲೆ ಜನ, ಆಮೇಲೆ ಅಂಕಿ, ಕೊನೆಗೆ ಸಂಶೋಧನೆಯ ಪ್ರಶ್ನೆ ಎಂಬ ಹಿಮ್ಮುಖ ನಡಿಗೆಯಲ್ಲಿ ಎರಡು ವರ್ಷ ಕಳೆದುಹೋಗುತ್ತವೆ, ಮತ್ತು ಆ ಹೊತ್ತಿಗೆ ಸರಿಪಡಿಸಬಹುದಾದ ತಪ್ಪುಗಳೆಲ್ಲ ಸರಿಪಡಿಸಲಾಗದ ತಪ್ಪುಗಳಾಗಿರುತ್ತವೆ.

ಈ ಮಾರ್ಗದರ್ಶಿ ಶಿಕ್ಷಣಶಾಸ್ತ್ರ, ಕೃಷಿ, ಆರೋಗ್ಯ, ಅರ್ಥಶಾಸ್ತ್ರ, ಭಾಷಾಶಾಸ್ತ್ರ ಹೀಗೆ ಯಾವ ವಿಭಾಗದವರಿಗಾದರೂ ಅನ್ವಯಿಸುವ, ಪರಿಮಾಣಾತ್ಮಕ (ಅಂದರೆ ಅಂಕಿಗಳಿಂದ ಉತ್ತರ ಹುಡುಕುವ) ಸಂಶೋಧನೆಯ ಹತ್ತು ಹಂತಗಳನ್ನು ವಿವರಿಸುತ್ತದೆ. ವಿಷಯ ಬದಲಾದಂತೆ ಅಳೆಯುವ ಸಾಧನ ಬದಲಾಗುತ್ತದೆ, ಹಂತಗಳ ಕ್ರಮ ಬದಲಾಗುವುದಿಲ್ಲ.

## ಕೈಯಲ್ಲಿ ಏನಿರಬೇಕು

ಒಂದು ನೋಟ್‌ಪುಸ್ತಕ, ಒಂದು ಸ್ಪ್ರೆಡ್‌ಶೀಟ್, ಒಂದು ಸಂಖ್ಯಾಶಾಸ್ತ್ರದ ತಂತ್ರಾಂಶ ಇದ್ದರೆ ಸಾಕು. ಎಸ್‌ಪಿಎಸ್‌ಎಸ್ ಕೊಳ್ಳಲಾಗದವರು ಜಾಮೋವಿ, ಪಿಎಸ್‌ಪಿಪಿ ಅಥವಾ ಆರ್ ಬಳಸಬಹುದು. ಈ ಮೂರೂ ಉಚಿತ. ಮಾದರಿಯ ಗಾತ್ರ ಲೆಕ್ಕಹಾಕಲು ಜಿ-ಪವರ್ ಎಂಬ ಉಚಿತ ತಂತ್ರಾಂಶವಿದೆ. ಕ್ಷೇತ್ರಕಾರ್ಯದಲ್ಲಿ ಮೊಬೈಲಿನಲ್ಲೇ ಉತ್ತರ ದಾಖಲಿಸುವುದಾದರೆ, ನೆಟ್‌ವರ್ಕ್ ಇಲ್ಲದ ಊರಿನಲ್ಲಿಯೂ ಕೆಲಸ ಮಾಡುವ ಕೋಬೋ ಟೂಲ್‌ಬಾಕ್ಸ್ ಗೂಗಲ್ ಫಾರ್ಮ್‌ಗಿಂತ ಉತ್ತಮ. ಆದರೆ ಇವುಗಳಲ್ಲಿ ಯಾವುದನ್ನೂ ಮೊದಲ ನಾಲ್ಕು ಹಂತ ಮುಗಿಯುವ ತನಕ ತೆರೆಯಬೇಡಿ.

## ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು ಖಾಲಿ ಕೋಷ್ಟಕ ಎಳೆಯಿರಿ

‘ಗ್ರಾಮೀಣ ಮಕ್ಕಳ ಓದಿನ ಸಮಸ್ಯೆಗಳು: ಒಂದು ಅಧ್ಯಯನ’ ಎಂಬುದು ಶೀರ್ಷಿಕೆಯಾಗಬಹುದು, ಸಂಶೋಧನೆಯ ಪ್ರಶ್ನೆಯಾಗಲಾರದು. ‘ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿದ ಐದನೆಯ ತರಗತಿಯ ಮಕ್ಕಳು, ಹಾಗೆ ಓದಿಸದ ಮಕ್ಕಳಿಗಿಂತ ಮೂರು ತಿಂಗಳ ನಂತರ ನಿಮಿಷಕ್ಕೆ ಎಷ್ಟು ಹೆಚ್ಚು ಪದಗಳನ್ನು ತಪ್ಪಿಲ್ಲದೆ ಓದುತ್ತಾರೆ?’ ಎಂಬುದು ಪ್ರಶ್ನೆ. ಇದರಲ್ಲಿ ಯಾರು, ಏನು, ಯಾವುದಕ್ಕೆ ಹೋಲಿಸಿ, ಎಷ್ಟು ಕಾಲದಲ್ಲಿ, ಯಾವ ಅಳತೆಯಲ್ಲಿ ಎಂಬ ಐದೂ ಇವೆ. ಐದರಲ್ಲಿ ಒಂದು ಬಿಟ್ಟುಹೋದರೂ ಮುಂದಿನ ಹಂತದಲ್ಲಿ ನಿಮ್ಮ ಕಾಲು ಸಿಕ್ಕಿಕೊಳ್ಳುತ್ತದೆ.

ಈಗ ನಿಮ್ಮ ಪ್ರಬಂಧದಲ್ಲಿ ಕೊನೆಗೆ ಬರಬೇಕಾದ ಕೋಷ್ಟಕವನ್ನು ಅಂಕಿಗಳಿಲ್ಲದೆ ಎಳೆಯಿರಿ. ಅಡ್ಡ ಸಾಲುಗಳಲ್ಲಿ ಎರಡು ಗುಂಪುಗಳು. ಕಂಬಸಾಲುಗಳಲ್ಲಿ ಮಕ್ಕಳ ಸಂಖ್ಯೆ, ಮೊದಲಿನ ಸರಾಸರಿ, ನಂತರದ ಸರಾಸರಿ, ಏರಿಕೆ. ಪ್ರತಿ ಉದ್ದೇಶಕ್ಕೂ ಇಂಥ ಒಂದು ಕೋಷ್ಟಕ ಇರಲಿ. ಕೋಷ್ಟಕದಲ್ಲಿ ಜಾಗವಿಲ್ಲದ ಪ್ರಶ್ನೆ ಪ್ರಶ್ನಾವಳಿಯಲ್ಲಿಯೂ ಇರಬಾರದು. ಕೋಷ್ಟಕ ಬೇಡುವ ಮಾಹಿತಿ ಪ್ರಶ್ನಾವಳಿಯಲ್ಲಿ ತಪ್ಪಿಹೋಗಬಾರದು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಸಲಹೆಯನ್ನು ಪಾಲಿಸುವಷ್ಟು ತಾಳ್ಮೆ ಮಾತ್ರ ನಿಮಗಿದ್ದರೆ ಇದನ್ನೇ ಪಾಲಿಸಿ.

ಎಚ್ಚರಿಕೆಯ ಸೂಚನೆ: ಖಾಲಿ ಕೋಷ್ಟಕ ಎಳೆಯಲು ಹೊರಟಾಗ ಕೈ ನಿಂತರೆ, ನಿಮ್ಮ ಪ್ರಶ್ನೆ ಇನ್ನೂ ಪ್ರಶ್ನೆಯಾಗಿಲ್ಲ ಎಂದರ್ಥ. ಕೆಲವೊಮ್ಮೆ ಅದು ಅಂಕಿಗಳಿಂದ ಉತ್ತರಿಸಬೇಕಾದ ಪ್ರಶ್ನೆಯೇ ಆಗಿರುವುದಿಲ್ಲ. ‘ಮಕ್ಕಳು ಶಾಲೆ ಬಿಟ್ಟಾಗ ತಾಯಂದಿರಿಗೆ ಏನನ್ನಿಸುತ್ತದೆ’ ಎಂಬುದನ್ನು ಐದು ಅಂಕದ ಮಾಪಕಕ್ಕೆ ಹಿಂಡುವುದಕ್ಕಿಂತ ಕುಳಿತು ಮಾತನಾಡಿಸಿ ತಿಳಿಯುವುದೇ ಸರಿಯಾದ ದಾರಿ.

## ಹಂತ 2: ಎಣಿಕೆಯ ಘಟಕ ಯಾವುದೆಂದು ತೀರ್ಮಾನಿಸಿ

ಎಲ್ಲ ವಿಷಯಗಳಲ್ಲಿಯೂ ಅತಿ ಹೆಚ್ಚು ಪ್ರಬಂಧಗಳನ್ನು ಕೆಡಿಸುವುದು ಈ ಹಂತ, ಮತ್ತು ಅತಿ ಕಡಿಮೆ ಜನ ನಿಂತು ಯೋಚಿಸುವುದೂ ಇದರ ಬಗ್ಗೆಯೇ. ನೀವು ಯಾವುದನ್ನು ಆಯ್ದುಕೊಂಡಿರಿ ಅಥವಾ ಯಾವುದಕ್ಕೆ ಉಪಚಾರ (ನೀವು ಪರೀಕ್ಷಿಸುತ್ತಿರುವ ಗೊಬ್ಬರ, ವಿಧಾನ ಅಥವಾ ಔಷಧಿ) ಕೊಟ್ಟಿರಿ ಎಂಬುದೇ ಎಣಿಕೆಯ ಘಟಕವಾಗಬೇಕು. ಅದರೊಳಗೆ ಎಷ್ಟು ಸಲ ಅಳೆದಿರಿ ಎಂಬುದು ಬೇರೆ ಮಾತು.

ಕೃಷಿಯ ಉದಾಹರಣೆ ನೋಡಿ. ಹೊಲವನ್ನು ಎರಡು ಭಾಗ ಮಾಡಿ, ಒಂದಕ್ಕೆ ಜೈವಿಕ ಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ, ಎರಡರಲ್ಲಿಯೂ ತಲಾ 50 ಗಿಡಗಳನ್ನು ಅಳೆದರೆ ನಿಮ್ಮ ಬಳಿ ಇರುವುದು 100 ಘಟಕಗಳಲ್ಲ, ಎರಡೇ ತಾಕುಗಳು. ಗೊಬ್ಬರ ಹಾಕಿದ ಭಾಗ ಇಳಿಜಾರಿನ ಕೆಳಗಿದ್ದು ತೇವ ಹೆಚ್ಚಿದ್ದರೆ, ವ್ಯತ್ಯಾಸ ಗೊಬ್ಬರದ್ದೋ ನೀರಿನದ್ದೋ ಎಂದು ಯಾವ ಪರೀಕ್ಷೆಯೂ ಹೇಳಲಾರದು. ಅದಕ್ಕಾಗಿಯೇ ಕೃಷಿ ಪ್ರಯೋಗಗಳಲ್ಲಿ ಹೊಲವನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ಎಲ್ಲ ಉಪಚಾರಗಳನ್ನೂ ಚೀಟಿ ಎತ್ತಿ ಹಂಚುತ್ತಾರೆ. ನಾಲ್ಕು ಉಪಚಾರ, ಐದು ಪುನರಾವರ್ತನೆ ಎಂದರೆ 20 ತಾಕುಗಳು. ಆಗ ದೋಷದ ಸ್ವಾತಂತ್ರ್ಯಾಂಕ (ಆಕಸ್ಮಿಕ ವ್ಯತ್ಯಾಸವನ್ನು ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳ ಸಂಖ್ಯೆ) 12 ಆಗುತ್ತದೆ, ಅದು ಕನಿಷ್ಠ ಮಟ್ಟಿಗೆ ಒಪ್ಪಬಹುದಾದ ಅಂಕಿ. ಒಂದೊಂದು ತಾಕಿನಲ್ಲಿ ಹತ್ತು ಗಿಡ ಅಳೆದರೂ ಅವುಗಳ ಸರಾಸರಿ ತೆಗೆದು, ತಾಕಿಗೆ ಒಂದೇ ಅಂಕಿ ಬಳಸಬೇಕು.

ಶಿಕ್ಷಣದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ‘ಎ’ ವಿಭಾಗಕ್ಕೆ ಹೊಸ ವಿಧಾನ, ‘ಬಿ’ ವಿಭಾಗಕ್ಕೆ ಹಳೆಯ ವಿಧಾನ, ತಲಾ 40 ಮಕ್ಕಳು. ವಿಧಾನ ಸಿಕ್ಕಿದ್ದು ವಿಭಾಗಕ್ಕೆ, ಮಗುವಿಗಲ್ಲ. ‘ಎ’ ವಿಭಾಗದ ಶಿಕ್ಷಕಿ ಹೆಚ್ಚು ನುರಿತವರಾಗಿದ್ದರೆ ಫಲಿತಾಂಶದ ಶ್ರೇಯಸ್ಸು ವಿಧಾನಕ್ಕೋ ಅವರಿಗೋ ತಿಳಿಯದು. ಆರೋಗ್ಯ ಕ್ಷೇತ್ರದಲ್ಲಿ ಒಬ್ಬ ರೋಗಿಯ ಎರಡು ಕಣ್ಣುಗಳನ್ನು ಇಬ್ಬರು ರೋಗಿಗಳಂತೆ ಎಣಿಸುವುದು, ಭಾಷಾಶಾಸ್ತ್ರದಲ್ಲಿ ಒಬ್ಬರೇ ಆಡಿದ 500 ವಾಕ್ಯಗಳನ್ನು 500 ಸ್ವತಂತ್ರ ದಾಖಲೆಗಳೆಂದು ಲೆಕ್ಕ ಹಿಡಿಯುವುದು, ಇವೂ ಇದೇ ತಪ್ಪಿನ ರೂಪಗಳು.

## ಹಂತ 3: ಪ್ರತಿ ಚಲಕಕ್ಕೂ ಅಳತೆಯನ್ನು ನಿಗದಿಪಡಿಸಿ

ಚಲಕದ (ಘಟಕದಿಂದ ಘಟಕಕ್ಕೆ ಬದಲಾಗುವ, ನೀವು ಅಳೆಯುವ ಅಂಶದ) ಹೆಸರು ಬರೆದರೆ ಸಾಲದು. ಇನ್ನೊಬ್ಬರು ನಿಮ್ಮ ಟಿಪ್ಪಣಿ ಓದಿಕೊಂಡು ಅದೇ ವ್ಯಕ್ತಿಯನ್ನೋ ತಾಕನ್ನೋ ಅಳೆದಾಗ ಅದೇ ಅಂಕಿ ಬರುವಷ್ಟು ಸ್ಪಷ್ಟವಾಗಿ ವಿಧಾನವನ್ನು ಬರೆಯಬೇಕು. ‘ಕುಟುಂಬದ ಸದಸ್ಯರೆಷ್ಟು?’ ಎಂಬ ಸರಳ ಪ್ರಶ್ನೆಗೂ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನನ್ನು ಸೇರಿಸಬೇಕೇ ಬೇಡವೇ ಎಂಬ ಗೊಂದಲವಿದೆ. ಜನಗಣತಿಯಲ್ಲಿ ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ, ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಎಣಿಸುತ್ತಾರೆ. ನೀವೂ ಇದನ್ನೇ ಅನುಸರಿಸಿದರೆ ನಿಮ್ಮ ಅಂಕಿಗಳನ್ನು ಜನಗಣತಿಯ ಅಂಕಿಗಳೊಡನೆ ಹೋಲಿಸಬಹುದು.

ನಮ್ಮ ಕಡೆಯ ಗ್ರಾಮೀಣ ಅಧ್ಯಯನಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ತಪ್ಪನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಪಹಣಿಯಲ್ಲಿ 2.20 ಎಂದಿದ್ದರೆ ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದರ ನಿಜವಾದ ದಶಮಾಂಶ 2.50. ಅದೇ ರೀತಿ 1.30 ಎಂದರೆ 1.75 ಎಕರೆ. ಇವೆರಡನ್ನು ಹಾಗೆಯೇ ಎಕ್ಸೆಲ್‌ನಲ್ಲಿ ಕೂಡಿದರೆ 3.50 ಬರುತ್ತದೆ, ನಿಜವಾದ ಮೊತ್ತ 4.25 ಎಕರೆ. ಹಿಡುವಳಿಯ ಸರಾಸರಿ, ಎಕರೆಗೆ ಇಳುವರಿ, ಎಕರೆಗೆ ಖರ್ಚು ಎಲ್ಲವೂ ಈ ಒಂದು ಚುಕ್ಕಿಯಿಂದ ಕೆಡುತ್ತವೆ, ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ. ಎಕರೆಗೆ ಒಂದು ಕಂಬಸಾಲು, ಗುಂಟೆಗೆ ಇನ್ನೊಂದು ಕಂಬಸಾಲು ಇಟ್ಟು, ಗುಂಟೆಯನ್ನು 40ರಿಂದ ಭಾಗಿಸಿ ಕೂಡಿರಿ. ಇಳುವರಿಯನ್ನು ‘ಚೀಲ’ದಲ್ಲಿ ಬರೆದುಕೊಳ್ಳುವಾಗಲೂ ಆ ಊರಿನಲ್ಲಿ ಆ ಬೆಳೆಗೆ ಒಂದು ಚೀಲವೆಂದರೆ ಎಷ್ಟು ಕಿಲೋ ಎಂದು ಕೇಳಿ ಬರೆದು, ಕ್ವಿಂಟಾಲಿಗೆ ಪರಿವರ್ತಿಸಿ.

ಪ್ರಶ್ನಾವಳಿಯ ಭಾಷೆಯ ಬಗ್ಗೆ ಮೂರು ಮಾತು. ಮೊದಲನೆಯದಾಗಿ, ಒಂದು ವಾಕ್ಯದಲ್ಲಿ ಎರಡು ಸಂಗತಿ ಬೇಡ. ‘ಶಾಲೆಯ ಕಟ್ಟಡ ಮತ್ತು ಬೋಧನೆ ನಿಮಗೆ ತೃಪ್ತಿ ತಂದಿದೆಯೇ?’ ಎಂದು ಕೇಳಿದರೆ, ಕಟ್ಟಡ ಸೋರುತ್ತಿದ್ದು ಬೋಧನೆ ಚೆನ್ನಾಗಿರುವಲ್ಲಿ ಪೋಷಕರು ಏನು ಹೇಳಬೇಕು? ಎರಡನೆಯದಾಗಿ, ನಕಾರದ ಪ್ರಶ್ನೆ ಬೇಡ. ‘ನೀವು ಹೊಗೆಸೊಪ್ಪು ಹಾಕುವುದಿಲ್ಲವೇ?’ ಎಂಬುದಕ್ಕೆ ಕನ್ನಡದಲ್ಲಿ ‘ಹೌದು’ ಎಂದರೆ ‘ಹೌದು, ಹಾಕುವುದಿಲ್ಲ’ ಎಂದೂ ಆಗಬಹುದು, ‘ಹೌದು, ಹಾಕುತ್ತೇನೆ’ ಎಂದೂ ಆಗಬಹುದು. ಮೂರನೆಯದಾಗಿ, ನೆನಪಿನ ಅವಧಿಗೆ ಜನರ ಬದುಕಿನ ಗುರುತು ಕೊಡಿ: ‘ಕಳೆದ ಹನ್ನೆರಡು ತಿಂಗಳಲ್ಲಿ’ ಎನ್ನುವುದಕ್ಕಿಂತ ‘ಹೋದ ಯುಗಾದಿಯಿಂದ ಈ ಯುಗಾದಿಯ ತನಕ’ ಎಂದು ಕೇಳಿದರೆ ಬೆಳೆಯ ಖರ್ಚನ್ನು ರೈತರು ಹೆಚ್ಚು ಖಚಿತವಾಗಿ ನೆನಪಿಸಿಕೊಳ್ಳುತ್ತಾರೆ.

ಇಂಗ್ಲಿಷಿನಲ್ಲಿ ಸಿದ್ಧವಾದ ಮಾಪಕವನ್ನು ಬಳಸುವವರು ಅದನ್ನು ಒಬ್ಬರಿಂದ ಕನ್ನಡಕ್ಕೆ ತಂದು, ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಬೇಕು. ಅರ್ಥ ಹೊಂದಿದರೂ ಸಾಲದು. ಕಲಬುರಗಿಯ ಓದುಗರಿಗೂ ಮಂಗಳೂರಿನ ಓದುಗರಿಗೂ ಆ ಮಾತು ಸಹಜವಾಗಿ ಕೇಳಿಸಬೇಕು. ‘ಬಲವಾಗಿ ಒಪ್ಪುತ್ತೇನೆ’ ಎನ್ನುವುದಕ್ಕಿಂತ ‘ಪೂರ್ತಿ ಒಪ್ಪುತ್ತೇನೆ’ ಎನ್ನುವುದು ನಮ್ಮ ಕಿವಿಗೆ ಹೊಂದುತ್ತದೆ.

ಸಾಧನದಿಂದ ಅಳೆಯುವ ವಿಷಯಗಳಲ್ಲಿ ಅಳೆಯುವ ಸ್ಥಿತಿಯನ್ನೂ ನಿಗದಿಪಡಿಸಬೇಕು. ರಕ್ತದೊತ್ತಡ ನೋಡುವ ಮೊದಲು ಐದು ನಿಮಿಷ ಕೂರಿಸುವುದು, ಪಾದಗಳು ನೆಲಕ್ಕೆ ತಾಗಿರುವುದು, ತೋಳು ಹೃದಯದ ಮಟ್ಟದಲ್ಲಿರುವುದು, ಒಂದಕ್ಕಿಂತ ಹೆಚ್ಚು ಸಲ ನೋಡುವುದು, ಇವೆಲ್ಲ ಬರಹದಲ್ಲಿರಲಿ.

ಸಾಹಿತ್ಯ ಮತ್ತು ಭಾಷಾಶಾಸ್ತ್ರದವರು ಪದ ಎಣಿಸುವ ಮೊದಲು ‘ಪದ’ ಎಂದರೇನು ಎಂದು ನಿಶ್ಚಯಿಸಬೇಕು. ಮನೆ, ಮನೆಯಲ್ಲಿ, ಮನೆಗಳಿಂದ, ಮನೆಯಲ್ಲೇ, ಇವು ನಾಲ್ಕು ಪದರೂಪಗಳೋ ಒಂದೇ ಪದವೋ ಎಂಬ ತೀರ್ಮಾನದ ಮೇಲೆ ಕನ್ನಡದಲ್ಲಿ ಎಲ್ಲ ಎಣಿಕೆಯೂ ನಿಂತಿದೆ. ಹೋಲಿಕೆಗೆ ಬರಿಯ ಎಣಿಕೆ ಸಾಲದು: 12,000 ಪದಗಳ ಪಠ್ಯದಲ್ಲಿ 60 ಸಲ, 40,000 ಪದಗಳ ಪಠ್ಯದಲ್ಲಿ 120 ಸಲ ಬಂದ ಪದವು ಎರಡನೆಯದರಲ್ಲಿ ಹೆಚ್ಚೆಂದು ಕಂಡರೂ, ಹತ್ತು ಸಾವಿರಕ್ಕೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 50, ಎರಡನೆಯದರಲ್ಲಿ 30. ಪಠ್ಯಗಳು ಯೂನಿಕೋಡ್‌ನಲ್ಲಿಯೇ ಇರಲಿ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿರುವ ಕಡತಗಳನ್ನು ಮೊದಲು ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಕಣ್ಣಾರೆ ನೋಡಿ.

## ಹಂತ 4: ಹೋಲಿಕೆಯ ವಿನ್ಯಾಸವನ್ನು ಆಯ್ದುಕೊಳ್ಳಿ

ನೀವು ಸ್ಥಿತಿಯನ್ನು ವಿವರಿಸುತ್ತೀರಾ, ಎರಡು ಸಂಗತಿಗಳ ಸಂಬಂಧ ಹುಡುಕುತ್ತೀರಾ, ಇಲ್ಲವೇ ಒಂದು ಇನ್ನೊಂದಕ್ಕೆ ಕಾರಣವೆಂದು ತೋರಿಸುತ್ತೀರಾ? ವಿವರಣೆಗೆ ಸಮೀಕ್ಷೆ ಸಾಕು. ಕಾರಣ ತೋರಿಸಬೇಕಾದರೆ ಉಪಚಾರವನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿ, ಹಂಚಿದ ಪ್ರಯೋಗ ಬೇಕು. ಅದು ಸಾಧ್ಯವಿಲ್ಲದಾಗ ನಿಯಂತ್ರಿತ ಗುಂಪಾದರೂ (ಉಪಚಾರ ಸಿಗದ, ಹೋಲಿಕೆಗೆಂದು ಇಟ್ಟುಕೊಂಡ ಗುಂಪು) ಬೇಕು, ಮತ್ತು ತೀರ್ಮಾನದ ಭಾಷೆ ಅಷ್ಟರ ಮಟ್ಟಿಗೆ ತಗ್ಗಬೇಕು.

ನಿಯಂತ್ರಿತ ಗುಂಪಿಲ್ಲದೆ ‘ಮೊದಲು–ನಂತರ’ ಮಾತ್ರ ಅಳೆಯುವವರು ಒಂದು ಬಲೆಯಲ್ಲಿ ಬೀಳುತ್ತಾರೆ. ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಮಕ್ಕಳನ್ನು ಆರಿಸಿ ಪರಿಹಾರ ಬೋಧನೆ ಮಾಡಿದರೆ, ಬೋಧನೆ ನಿಷ್ಪ್ರಯೋಜಕವಾಗಿದ್ದರೂ ಮುಂದಿನ ಪರೀಕ್ಷೆಯಲ್ಲಿ ಆ ಗುಂಪಿನ ಸರಾಸರಿ ಏರುತ್ತದೆ. ಆ ದಿನ ಜ್ವರವಿದ್ದವರು, ಪ್ರಶ್ನೆ ತಪ್ಪು ಓದಿಕೊಂಡವರು ಅದೇ ಗುಂಪಿನಲ್ಲಿ ಹೆಚ್ಚಾಗಿರುತ್ತಾರಾದ್ದರಿಂದ, ಎರಡನೆಯ ಸಲ ಅವರು ತಮ್ಮ ಸಹಜ ಮಟ್ಟಕ್ಕೆ ಮರಳುತ್ತಾರೆ. ಅತಿ ಹೆಚ್ಚು ರಕ್ತದೊತ್ತಡ ಕಂಡವರನ್ನು ಆರಿಸಿ ಔಷಧಿ ಕೊಡುವ ಅಧ್ಯಯನದಲ್ಲಿಯೂ ಹೀಗೆಯೇ ಆಗುತ್ತದೆ.

ಅರ್ಥಶಾಸ್ತ್ರದವರು ಎರಡು ವರ್ಷಗಳ ಕೂಲಿಯನ್ನೋ ಆದಾಯವನ್ನೋ ಹೋಲಿಸುವಾಗ ಬೆಲೆಯೇರಿಕೆಯನ್ನು ಗ್ರಾಹಕ ಬೆಲೆ ಸೂಚ್ಯಂಕದಿಂದ ಕಳೆಯದೆ ‘ಆದಾಯ ಹೆಚ್ಚಿತು’ ಎಂದು ಬರೆಯಬಾರದು.

## ಹಂತ 5: ಮಾದರಿಯನ್ನು ಆರಿಸಿ, ಗಾತ್ರವನ್ನು ಲೆಕ್ಕ ಹಾಕಿ

ಮೊದಲು ಪಟ್ಟಿ, ಆಮೇಲೆ ಗಾತ್ರ. ಸಮಷ್ಟಿಯ (ನಿಮ್ಮ ತೀರ್ಮಾನ ಯಾರ ಬಗ್ಗೆಯೋ ಆ ಎಲ್ಲರ) ಪಟ್ಟಿ ಎಲ್ಲಿಂದ ಸಿಗುತ್ತದೆ, ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಬರೆಯಿರಿ. ಮತದಾರರ ಪಟ್ಟಿಯಲ್ಲಿ ವಲಸೆ ಕಾರ್ಮಿಕರು ಸಿಗುವುದು ಕಡಿಮೆ. ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟ ಮಕ್ಕಳು ಇರುವುದಿಲ್ಲ.

ಪಟ್ಟಿ ಕೆಟ್ಟಿದ್ದರೆ ಗಾತ್ರ ಕಾಪಾಡುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮೊದಲು ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಪಡೆದು ಲ್ಯಾಂಡನ್ ಗೆಲ್ಲುವರೆಂದಿತು, ಗೆದ್ದವರು ರೂಸ್‌ವೆಲ್ಟ್. ಹೆಸರುಗಳು ದೂರವಾಣಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ ಬಂದಿದ್ದವು, ಉತ್ತರಿಸಿದವರೂ ತಾವಾಗಿಯೇ ಮುಂದೆ ಬಂದವರು. ವಾಟ್ಸ್‌ಆ್ಯಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಹಂಚಿ ‘ಕರ್ನಾಟಕದ ಯುವಜನರ ಅಭಿಪ್ರಾಯ’ ಎಂದು ಬರೆಯುವವರು ಇದೇ ತಪ್ಪನ್ನು ಚಿಕ್ಕ ಪ್ರಮಾಣದಲ್ಲಿ ಮಾಡುತ್ತಿದ್ದಾರೆ.

ಶೇಕಡಾವಾರು ಅಂದಾಜಿಗೆ, 95% ವಿಶ್ವಾಸ ಮಟ್ಟ (ನೂರು ಸಲ ಮಾದರಿ ತೆಗೆದರೆ ಸುಮಾರು 95 ಸಲ ಅಂದಾಜು ಸರಿಹೋಗುವಷ್ಟು) ಮತ್ತು ಆಚೆ ಈಚೆ 5% ದೋಷ ಸಾಕೆಂದುಕೊಂಡರೆ, ದೊಡ್ಡ ಸಮಷ್ಟಿಯಿಂದ 385 ಜನ ಬೇಕು. ಸಮಷ್ಟಿಯೇ 1,200 ಇದ್ದರೆ ತಿದ್ದುಪಡಿಯ ನಂತರ 292 ಸಾಕು. ನಮ್ಮ ಪ್ರಬಂಧಗಳಲ್ಲಿ ಎಲ್ಲೆಡೆ ಕಾಣುವ ಯಮಾನೆ ಸೂತ್ರ ಇದಕ್ಕೇ 300 ಎನ್ನುತ್ತದೆ, ಏಕೆಂದರೆ ಅದು 95% ವಿಶ್ವಾಸ ಮಟ್ಟದ ಗುಣಕವಾದ 1.96ನ್ನು 2ಕ್ಕೆ ಏರಿಸಿಕೊಂಡಿದೆ. ಆದರೆ ಈ ಸೂತ್ರಗಳು ಒಂದು ಗುಂಪಿನ ಶೇಕಡಾವಾರು ಅಂದಾಜಿಗೆ ಮಾತ್ರ. ಎರಡು ಗುಂಪುಗಳ ಸರಾಸರಿ ಹೋಲಿಸಲು ಬೇರೆ ಲೆಕ್ಕ ಬೇಕು: 5% ಸಾರ್ಥಕತಾ ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಂಭವ 5%) 80% ಸಾಮರ್ಥ್ಯದೊಡನೆ (ಇರುವ ವ್ಯತ್ಯಾಸವನ್ನು ಹಿಡಿಯುವ ಸಂಭವ 80%) ಅರ್ಧ ಮಾನಕ ವಿಚಲನೆಯಷ್ಟು (ಮಾನಕ ವಿಚಲನೆ ಎಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ವ್ಯತ್ಯಾಸವನ್ನು ಹಿಡಿಯಲು ಗುಂಪಿಗೆ 64 ಜನ ಬೇಕು, ವ್ಯತ್ಯಾಸ ಮಾನಕ ವಿಚಲನೆಯ 0.2ರಷ್ಟು ಸಣ್ಣದಾದರೆ ಗುಂಪಿಗೆ ಸುಮಾರು 394. ಇದನ್ನು ಜಿ-ಪವರ್ ಕ್ಷಣದಲ್ಲಿ ಹೇಳುತ್ತದೆ.

ಗುಂಪುಗಳ ಮೂಲಕ ಮಾದರಿ ತೆಗೆಯುವಾಗ ಹಂತ 2ರ ಮಾತು ಮತ್ತೆ ಎದುರಾಗುತ್ತದೆ. ಒಂದೇ ಶಾಲೆಯ ಮಕ್ಕಳು ಒಬ್ಬರಿಗೊಬ್ಬರು ಹೋಲುತ್ತಾರೆ. ಈ ಹೋಲಿಕೆಯ ಪ್ರಮಾಣ 0.10 ಇದ್ದು, 20 ಶಾಲೆಗಳಿಂದ ತಲಾ 20 ಮಕ್ಕಳನ್ನು ತೆಗೆದುಕೊಂಡರೆ, ವಿನ್ಯಾಸ ಪರಿಣಾಮ (ಗುಂಪುಗಳ ಮೂಲಕ ಆರಿಸಿದ್ದರಿಂದ ಮಾದರಿಯ ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಅಂಕಿ) 1 ಕೂಡಿಸು 19 (20ರಲ್ಲಿ ಒಂದು ಕಳೆದು) ಗುಣಿಸು 0.10, ಅಂದರೆ 2.9. ಆಗ ನಿಮ್ಮ 400 ಮಕ್ಕಳು ಕೊಡುವ ಮಾಹಿತಿ ಸರಳ ಯಾದೃಚ್ಛಿಕವಾಗಿ ಆರಿಸಿದ 138 ಮಕ್ಕಳು ಕೊಡುವಷ್ಟೇ. ಆದ್ದರಿಂದ ಕೆಲವೇ ಊರುಗಳಲ್ಲಿ ನೂರಾರು ಮನೆ ಹತ್ತುವುದಕ್ಕಿಂತ ಹೆಚ್ಚು ಊರುಗಳಲ್ಲಿ ಕಡಿಮೆ ಮನೆಗಳನ್ನು ಮುಟ್ಟುವುದು ಒಳ್ಳೆಯದು. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಎಂಬ ಕ್ರಮವನ್ನು ಇಟ್ಟುಕೊಂಡಿದೆ.

ಪಟ್ಟಿಯಿಂದ ನಾಲ್ಕರಲ್ಲಿ ಒಬ್ಬರಂತೆ ತೆಗೆಯುವುದಾದರೆ, ಆರಂಭದ ಹೆಸರನ್ನು ಒಂದರಿಂದ ನಾಲ್ಕರೊಳಗೆ ಚೀಟಿ ಎತ್ತಿ ನಿರ್ಧರಿಸಿ. ಪಟ್ಟಿಯಲ್ಲಿ ಮರುಕಳಿಸುವ ಲಯವಿದ್ದರೆ ಈ ವಿಧಾನ ಬೇಡ: ಪ್ರತಿ ಏಳನೆಯ ದಿನದ ಮಾರುಕಟ್ಟೆ ದರ ತೆಗೆದುಕೊಂಡರೆ ವರ್ಷವಿಡೀ ಸಂತೆಯ ದಿನದ ದರವೇ ಬರಬಹುದು. ಮನೆಗೆ ಬೀಗವಿದ್ದರೆ ಪಕ್ಕದ ಮನೆಗೆ ಹೋಗುವುದೂ ಬೇಡ. ಹಗಲಿನಲ್ಲಿ ಬೀಗ ಹಾಕಿರುವುದು ಕೂಲಿಗೆ ಹೋದವರ ಮನೆ. ಸಂಜೆ ಅಥವಾ ಮರುದಿನ ಮತ್ತೆ ಹೋಗಿ.

## ಹಂತ 6: ಅನುಮತಿ ಪಡೆದು ಪೂರ್ವಪರೀಕ್ಷೆ ನಡೆಸಿ

ನೈತಿಕ ಸಮಿತಿಯ ಒಪ್ಪಿಗೆ ಮಾಹಿತಿ ಸಂಗ್ರಹಕ್ಕೆ ಮೊದಲು ಬರಬೇಕು, ನಂತರವಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆಯೂ ಮಗುವಿನ ಸಮ್ಮತಿಯೂ ಬೇಕು. ಚಿಕಿತ್ಸೆಯ ಪ್ರಯೋಗಗಳನ್ನು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. 2009ರಿಂದ ಇದು ಕಡ್ಡಾಯ.

ಪೂರ್ವಪರೀಕ್ಷೆಯನ್ನು 20ರಿಂದ 30 ಜನರ ಮೇಲೆ, ನಿಮ್ಮ ಅಂತಿಮ ಮಾದರಿಯಲ್ಲಿ ಇಲ್ಲದ ಅದೇ ಬಗೆಯ ಜನರ ಮೇಲೆ ಮಾಡಿ. ಗೆಳೆಯರ ಮೇಲೆ ಮಾಡಿದರೆ ಅದು ಪೂರ್ವಪರೀಕ್ಷೆಯಲ್ಲ. ಉತ್ತರ ಬರೆದುಕೊಂಡ ಮೇಲೆ ‘ಈ ಪ್ರಶ್ನೆ ನಿಮಗೆ ಹೇಗೆ ಅರ್ಥವಾಯಿತು?’ ಎಂದು ಕೇಳಿ. ಅರ್ಧದಷ್ಟು ತಪ್ಪುಗಳು ಅಲ್ಲಿಯೇ ಬಯಲಾಗುತ್ತವೆ. ಎಲ್ಲರೂ ಒಂದೇ ಉತ್ತರ ಕೊಟ್ಟ ಪ್ರಶ್ನೆ, ಯಾರೂ ಉತ್ತರಿಸದ ಪ್ರಶ್ನೆ, ಎರಡನ್ನೂ ತೆಗೆಯಿರಿ ಅಥವಾ ತಿದ್ದಿರಿ.

ಮಾಪಕದ ಆಂತರಿಕ ಹೊಂದಾಣಿಕೆಗೆ (ಅದರ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದಕ್ಕೆ) ಕ್ರೊನ್‌ಬಾಕ್ ಆಲ್ಫಾ ಎಂಬ ಅಂಕಿ 0.70 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ 0.95 ದಾಟಿದರೆ ಸಂತೋಷಪಡಬೇಡಿ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿರುವ ಸಾಧ್ಯತೆ ಹೆಚ್ಚು. ಆಲ್ಫಾ ಎಷ್ಟೇ ಬಂದರೂ ಅದು ವಿಶ್ವಾಸಾರ್ಹತೆಯ ಒಂದು ಸೂಚನೆ ಮಾತ್ರ, ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದೀರಿ ಎಂಬ ಸಿಂಧುತ್ವದ ಸಾಕ್ಷಿಯಲ್ಲ.

ಇಬ್ಬರು ಸೇರಿ ಪಠ್ಯಗಳನ್ನೋ ವಿಡಿಯೋಗಳನ್ನೋ ವರ್ಗೀಕರಿಸುವ ಅಧ್ಯಯನಗಳಲ್ಲಿ ಬರಿಯ ಶೇಕಡಾವಾರು ಹೊಂದಾಣಿಕೆ ಮೋಸ ಮಾಡುತ್ತದೆ. ನೂರು ಸುದ್ದಿಗಳಲ್ಲಿ 88ಕ್ಕೆ ಇಬ್ಬರೂ ‘ಇಲ್ಲ’, 2ಕ್ಕೆ ಇಬ್ಬರೂ ‘ಇದೆ’ ಎಂದು, ಉಳಿದ 10ರಲ್ಲಿ ಐದೈದು ಸಲ ಒಬ್ಬೊಬ್ಬರೇ ‘ಇದೆ’ ಎಂದರೆ ಹೊಂದಾಣಿಕೆ 90%. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಕಪ್ಪಾ ಮಾತ್ರ 0.23. ಅಂದರೆ ನಿಮಗೆ ಬೇಕಾದ ‘ಇದೆ’ ಎಂಬುದನ್ನು ಗುರುತಿಸುವುದರಲ್ಲಿ ಇಬ್ಬರ ಒಮ್ಮತ ತೀರ ಕಡಿಮೆ.

## ಹಂತ 7: ಸಂಕೇತ ಪಟ್ಟಿ ಮಾಡಿಕೊಂಡು ದತ್ತಾಂಶ ಏರಿಸಿ

ಒಂದು ಅಡ್ಡ ಸಾಲಿಗೆ ಒಂದು ಘಟಕ, ಒಂದು ಕಂಬಸಾಲಿಗೆ ಒಂದು ಚಲಕ, ಕೋಷ್ಟಕದ ಒಂದು ಚೌಕಕ್ಕೆ ಒಂದು ಮೌಲ್ಯ. ಬಣ್ಣ ಹಚ್ಚಿ ಮಾಹಿತಿ ಸೂಚಿಸಬೇಡಿ. ತಂತ್ರಾಂಶ ಬಣ್ಣವನ್ನು ಓದುವುದಿಲ್ಲ. ಅಂಕಿಗಳನ್ನು 1, 2, 3 ರೂಪದಲ್ಲಿಯೇ ಹಾಕಿ, ಅಳತೆಯ ಮಾನವನ್ನು ಅಂಕಿಯ ಪಕ್ಕ ಬರೆಯಬೇಡಿ. ‘5 ಕಿಮೀ’ ಎಂದು ಬರೆದರೆ ಅದು ಪಠ್ಯವಾಗುತ್ತದೆ, ಸಂಖ್ಯೆಯಾಗುವುದಿಲ್ಲ.

ಉತ್ತರ ಸಿಗದ ಕಡೆ ಖಾಲಿ ಬಿಡಿ, ಇಲ್ಲವೇ 999 ಎಂದು ಹಾಕಿ ಅದನ್ನು ‘ಮಾಹಿತಿಯಿಲ್ಲ’ ಎಂದು ತಂತ್ರಾಂಶಕ್ಕೆ ತಿಳಿಸಿ. ತಿಳಿಸಲು ಮರೆತರೆ ಏನಾಗುತ್ತದೆಂದು ನೋಡಿ: 49 ಜನರ ಸರಾಸರಿ ವಯಸ್ಸು 35 ಇದ್ದು ಒಬ್ಬರದು 999 ಆದರೆ, 50 ಜನರ ಸರಾಸರಿ 54ಕ್ಕೆ ಜಿಗಿಯುತ್ತದೆ. ಹುಡುಗಿ 1, ಹುಡುಗ 2 ಎಂಬಂಥ ಎಲ್ಲ ಸಂಕೇತಗಳನ್ನೂ ಒಂದು ಪ್ರತ್ಯೇಕ ಹಾಳೆಯಲ್ಲಿ ಮೊದಲೇ ಬರೆದಿಡಿ. ಆರು ತಿಂಗಳ ನಂತರ ನಿಮಗೇ ನೆನಪಿರುವುದಿಲ್ಲ.

ಎಕ್ಸೆಲ್ ತಾನಾಗಿಯೇ ರೂಪ ಬದಲಿಸುವುದರ ಬಗ್ಗೆ ಜಾಗರೂಕರಾಗಿರಿ. ಜೀವವಿಜ್ಞಾನದಲ್ಲಿ ‘ಮಾರ್ಚ್-1’, ‘ಸೆಪ್ಟ್-2’ ಎಂಬಂತೆ ಓದಿಸಿಕೊಳ್ಳುವ ವಂಶವಾಹಿಗಳ ಹೆಸರುಗಳು ಎಕ್ಸೆಲ್‌ನಲ್ಲಿ ದಿನಾಂಕಗಳಾಗಿ ಬದಲಾಗುತ್ತಿದ್ದವು. ಕೊನೆಗೆ 2020ರಲ್ಲಿ ಆ ವಂಶವಾಹಿಗಳ ಹೆಸರುಗಳನ್ನೇ ಬದಲಿಸಲಾಯಿತು. ಪ್ರಶ್ನಾವಳಿಗಳಲ್ಲಿ ಹತ್ತರಲ್ಲೊಂದನ್ನು ಇನ್ನೊಬ್ಬರಿಂದ ಎರಡನೆಯ ಸಲ ಏರಿಸಿ ಹೋಲಿಸಿದರೆ ನಮೂದಿನ ತಪ್ಪುಗಳ ಪ್ರಮಾಣ ತಿಳಿಯುತ್ತದೆ.

## ಹಂತ 8: ವಿಶ್ಲೇಷಣೆಗೆ ಮೊದಲು ದತ್ತಾಂಶವನ್ನು ಶೋಧಿಸಿ

ಮೂಲ ಕಡತವನ್ನು ಮುಟ್ಟದೆ ಇಟ್ಟು, ಅದರ ಪ್ರತಿಯಲ್ಲಿ ಕೆಲಸ ಮಾಡಿ. ಪ್ರತಿ ಚಲಕದ ಕನಿಷ್ಠ, ಗರಿಷ್ಠ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ಮತ್ತು ಗ್ರಾಫನ್ನು ನೋಡಿ. ಎಂಟು ವರ್ಷದ ತಾಯಿ, 400 ಕ್ವಿಂಟಾಲ್ ರಾಗಿಯ ಇಳುವರಿ ಇಲ್ಲಿಯೇ ಕಾಣಿಸುತ್ತವೆ.

ನಿಶ್ಶಬ್ದವಾಗಿ ಕೂತಿರುವ ತಪ್ಪುಗಳಿಗೂ ಸೂಚನೆಗಳಿವೆ. ವಯಸ್ಸುಗಳು 30, 35, 40, 45ರ ಸುತ್ತ ಗುಂಪುಗಟ್ಟಿದ್ದರೆ ಜನ ಅಂದಾಜಿನಲ್ಲಿ ಹೇಳಿದ್ದಾರೆ. ರಕ್ತದೊತ್ತಡದ ಅಂಕಿಗಳೆಲ್ಲ ಸೊನ್ನೆಯಲ್ಲಿ ಕೊನೆಯಾಗುತ್ತಿದ್ದರೆ ಅಳೆದವರು ಹತ್ತಿರದ ಹತ್ತಕ್ಕೆ ದಾಟಿಸಿದ್ದಾರೆ. ಒಬ್ಬ ಸಂದರ್ಶಕರ ಎಲ್ಲ ಪ್ರಶ್ನಾವಳಿಗಳಲ್ಲಿ ಸಾಲಾಗಿ ‘ಒಪ್ಪುತ್ತೇನೆ’ ಎಂದೇ ಇದ್ದರೆ, ಅಥವಾ ಅವರು ಒಂದೇ ದಿನದಲ್ಲಿ ನಂಬಲಾಗದಷ್ಟು ಮನೆ ಮುಗಿಸಿದ್ದರೆ, ಮರುದಿನವೇ ಅದೇ ಮನೆಗಳಿಗೆ ಹೋಗಿ ವಿಚಾರಿಸಿ. ಈ ಪರಿಶೀಲನೆಯನ್ನು ಸಂಗ್ರಹ ನಡೆಯುವಾಗಲೇ ದಿನಾ ಸಂಜೆ ಮಾಡುವುದು ಮೇಲು.

ವಿಪರೀತ ಅಂಕಿಗಳನ್ನು ಅವು ನಿಮ್ಮ ಊಹೆಗೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಅಳಿಸಬಾರದು. ನಮೂದಿನ ತಪ್ಪಾದರೆ ಪ್ರಶ್ನಾವಳಿ ನೋಡಿ ತಿದ್ದಿ. ನಿಜವಾದ ಅಂಕಿಯಾದರೆ ಇರಲಿ. ಯಾವುದನ್ನು ಏಕೆ ತೆಗೆದಿರಿ ಎಂಬುದನ್ನು ನೋಟ್‌ಪುಸ್ತಕದಲ್ಲಿ ದಿನಾಂಕದೊಡನೆ ಬರೆಯಿರಿ.

## ಹಂತ 9: ಕೋಷ್ಟಕ ಬೇಡಿದ ಪರೀಕ್ಷೆಯನ್ನು ಮಾತ್ರ ಮಾಡಿ

ಹಂತ 1ರ ಖಾಲಿ ಕೋಷ್ಟಕ ಮುಂದಿದ್ದರೆ ಪರೀಕ್ಷೆಯ ಆಯ್ಕೆ ಕಷ್ಟವಲ್ಲ. ಎರಡು ಗುಂಪುಗಳ ಸರಾಸರಿಗೆ ಟಿ-ಪರೀಕ್ಷೆ. ಮೂರು ಅಥವಾ ಹೆಚ್ಚಿನ ಗುಂಪುಗಳಿಗೆ ಅನೋವಾ. ವರ್ಗಗಳ ನಡುವಿನ ಸಂಬಂಧಕ್ಕೆ ಕೈ-ವರ್ಗ ಪರೀಕ್ಷೆ, ಆದರೆ ನಿರೀಕ್ಷಿತ ಆವೃತ್ತಿಗಳು 5ಕ್ಕಿಂತ ಕಡಿಮೆಯಿರುವ ಕೋಷ್ಟಕದ ಚೌಕಗಳು ಹೆಚ್ಚಿದ್ದರೆ ಫಿಶರ್ ಪರೀಕ್ಷೆ. ಅನೇಕ ಕಾರಣಗಳನ್ನು ಒಟ್ಟಿಗೆ ತೂಗಬೇಕಾದರೆ ರಿಗ್ರೆಷನ್. ಆದಾಯ, ಹಿಡುವಳಿ, ಸಾಲದಂಥ ಒಂದು ಕಡೆಗೆ ಎಳೆದ ಅಂಕಿಗಳಿಗೆ ಸರಾಸರಿಯ ಜೊತೆ ಮಧ್ಯಾಂಕವನ್ನೂ ಕೊಡಿ.

ಶಿಕ್ಷಣಶಾಸ್ತ್ರದ ಪ್ರಬಂಧಗಳಲ್ಲಿ ಬೇರು ಬಿಟ್ಟಿರುವ ಒಂದು ತಪ್ಪನ್ನು ಹೆಸರಿಸಿ ಹೇಳುತ್ತೇನೆ. ‘ಪ್ರಾಯೋಗಿಕ ಗುಂಪಿನಲ್ಲಿ ಮೊದಲು–ನಂತರದ ವ್ಯತ್ಯಾಸ ಸಾರ್ಥಕ, ನಿಯಂತ್ರಿತ ಗುಂಪಿನಲ್ಲಿ ಸಾರ್ಥಕವಲ್ಲ, ಆದ್ದರಿಂದ ವಿಧಾನ ಪರಿಣಾಮಕಾರಿ’ ಎಂಬ ತರ್ಕ ಸರಿಯಲ್ಲ. ಒಂದು ಗುಂಪು 6 ಅಂಕ, ಇನ್ನೊಂದು 4 ಅಂಕ ಏರಿದ್ದರೆ, ಪರೀಕ್ಷಿಸಬೇಕಾದದ್ದು ಅವುಗಳ ನಡುವಿನ 2 ಅಂಕವನ್ನು. ಎರಡು ಏರಿಕೆಗಳನ್ನು ನೇರವಾಗಿ ಹೋಲಿಸದೆ ಯಾವ ತೀರ್ಮಾನವೂ ಇಲ್ಲ.

ಇನ್ನೊಂದು ಅಪಾಯ, ಸಿಕ್ಕಿದ್ದನ್ನೆಲ್ಲ ಪರೀಕ್ಷಿಸುವುದು. ಯಾವ ಸಂಬಂಧವೂ ಇಲ್ಲದ ಕಡೆ ಪರಸ್ಪರ ಸ್ವತಂತ್ರವಾದ 20 ಪರೀಕ್ಷೆಗಳನ್ನು 5% ಮಟ್ಟದಲ್ಲಿ ಮಾಡಿದರೆ, ಕನಿಷ್ಠ ಒಂದಾದರೂ ‘ಸಾರ್ಥಕ’ ಎಂದು ಬರುವ ಸಂಭವ ಸುಮಾರು 64%. ಲಿಂಗ, ಜಾತಿ, ವಾಸಸ್ಥಳ, ತಂದೆಯ ಉದ್ಯೋಗ, ಮಾಧ್ಯಮ ಎಂದು ಪ್ರತಿಯೊಂದಕ್ಕೂ ಒಂದೊಂದು ಪ್ರಾಕ್ಕಲ್ಪನೆ (ಪರೀಕ್ಷಿಸಬೇಕಾದ ಊಹೆ) ಹೊಸೆಯುವವರು ಇದನ್ನು ಗಮನಿಸಬೇಕು. ಪರೀಕ್ಷೆಗಳು ನಿಜವಾಗಿಯೂ ಅಷ್ಟು ಬೇಕಿದ್ದರೆ, ಬಾನ್‌ಫೆರೋನಿ ಕ್ರಮದಂತೆ 0.05ನ್ನು 20ರಿಂದ ಭಾಗಿಸಿ 0.0025ರ ಮಿತಿ ಇಟ್ಟುಕೊಳ್ಳಿ.

ಪಿ-ಮೌಲ್ಯ (ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಂಭವ) 0.05ಕ್ಕಿಂತ ಹೆಚ್ಚು ಬಂದರೆ ‘ಎರಡು ಗುಂಪುಗಳು ಸಮಾನ’ ಎಂದು ಬರೆಯಬಾರದು. ವ್ಯತ್ಯಾಸವಿದೆಯೆನ್ನಲು ಈ ದತ್ತಾಂಶದಲ್ಲಿ ಸಾಕಷ್ಟು ಆಧಾರ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ದೊಡ್ಡ ಮಾದರಿಯಲ್ಲಿ ಅರ್ಧ ಅಂಕದ ವ್ಯತ್ಯಾಸವೂ ಸಾರ್ಥಕವೆಂದು ಬರಬಹುದು, ಆದರೆ ಅರ್ಧ ಅಂಕಕ್ಕಾಗಿ ಯಾವ ಶಾಲೆಯೂ ತನ್ನ ವೇಳಾಪಟ್ಟಿ ಬದಲಿಸಬೇಕಾಗಿಲ್ಲ.

## ಹಂತ 10: ಬರೆಯುವಾಗ

ಪ್ರತಿ ಫಲಿತಾಂಶಕ್ಕೂ ನಾಲ್ಕು ಅಂಶಗಳನ್ನು ಕೊಡಿ: ಎಷ್ಟು ಘಟಕಗಳು, ವ್ಯತ್ಯಾಸ ಎಷ್ಟು, ಅದರ 95% ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ), ಮತ್ತು ಪಿ-ಮೌಲ್ಯ. ಎಸ್‌ಪಿಎಸ್‌ಎಸ್ ತೋರಿಸುವ 0.000 ಎಂಬುದನ್ನು ಹಾಗೆಯೇ ನಕಲಿಸದೆ ‘0.001ಕ್ಕಿಂತ ಕಡಿಮೆ’ ಎಂದು ಬರೆಯಿರಿ, ಏಕೆಂದರೆ ಅದು ಸೊನ್ನೆಯಲ್ಲ. 30 ಜನರ ಅಧ್ಯಯನದಲ್ಲಿ 63.33% ಎಂದು ಬರೆಯುವುದೂ ಬೇಡ. ‘30ರಲ್ಲಿ 19 ಜನ’ ಎಂಬುದು ಹೆಚ್ಚು ಪ್ರಾಮಾಣಿಕ.

ಸಮೀಕ್ಷೆಯಿಂದ ಸಹಸಂಬಂಧ ಮಾತ್ರ ಸಿಕ್ಕಿದ್ದರೆ ‘ಪ್ರಭಾವ’, ‘ಪರಿಣಾಮ’, ‘ಕಾರಣ’ ಎಂಬ ಪದಗಳನ್ನು ಶೀರ್ಷಿಕೆಯಿಂದಲೇ ತೆಗೆಯಿರಿ. ಮನೆಯಲ್ಲಿ ಪುಸ್ತಕ ಹೆಚ್ಚಿರುವ ಮಕ್ಕಳ ಅಂಕ ಹೆಚ್ಚಿದ್ದರೆ, ಪುಸ್ತಕದ ಜೊತೆಗೆ ತಾಯಿಯ ಓದು, ಮನೆಯ ಆದಾಯ, ಓದಲು ಸಿಗುವ ಬಿಡುವು ಎಲ್ಲವೂ ಹೆಚ್ಚಿರುತ್ತವೆ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ನಿರಾಕರಿಸಿದರು, ಎಷ್ಟು ಪ್ರಶ್ನಾವಳಿಗಳನ್ನು ಕೈಬಿಟ್ಟಿರಿ ಎಂಬ ಲೆಕ್ಕವನ್ನು ವಿಧಾನದ ಅಧ್ಯಾಯದಲ್ಲಿಯೇ ಕೊಡಿ. ಊಹಿಸಿದ ಉತ್ತರ ಬಾರದಿದ್ದರೂ ಆ ಕೋಷ್ಟಕ ಪ್ರಬಂಧದಲ್ಲಿರಬೇಕು.

ಅನುಬಂಧದಲ್ಲಿ ಪ್ರಶ್ನಾವಳಿಯ ಕನ್ನಡ ಪಾಠ, ಸಂಕೇತ ಪಟ್ಟಿ, ಮತ್ತು ಸಂಗ್ರಹಕ್ಕೆ ಮೊದಲೇ ಎಳೆದ ಆ ಖಾಲಿ ಕೋಷ್ಟಕಗಳನ್ನು ದಿನಾಂಕ ಸಹಿತ ಸೇರಿಸಿ. ಹೆಸರು, ದೂರವಾಣಿ, ಸರ್ವೆ ನಂಬರು ತೆಗೆದುಹಾಕಿದ ದತ್ತಾಂಶದ ಕಡತವನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಟ್ಟುಕೊಳ್ಳಿ. ಮೌಖಿಕ ಪರೀಕ್ಷೆಯಲ್ಲಿ ‘ಈ 292 ಎಲ್ಲಿಂದ ಬಂತು?’ ಎಂದು ಕೇಳಿದಾಗ ತೋರಿಸಬೇಕಾದ ಲೆಕ್ಕ ನಿಮ್ಮ ನೋಟ್‌ಪುಸ್ತಕದ ಯಾವ ಪುಟದಲ್ಲಿದೆ ಎಂದು ಗುರುತು ಹಾಕಿಡಿ.